ಬಾಲದ ಚೂರು ಸಿಕ್ಕರೆ ಸಾಕು

ಬೆಳಗಿನ ಜಾವ ಭತ್ತದ ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿ. ಗರಿಗಳ ತುದಿಯಲ್ಲಿ, ಅಂಚಿನಲ್ಲಿ ಸಣ್ಣ ಹನಿಗಳು ಹೊಳೆಯುತ್ತಿರುತ್ತವೆ. ಇಬ್ಬನಿ ಅಂದುಕೊಳ್ಳುತ್ತೇವೆ, ಅಲ್ವಾ? ಸಾಲಾಗಿ ನಿಂತ ಆ ಹನಿಗಳು ಇಬ್ಬನಿಯಲ್ಲ. ಬೇರು ರಾತ್ರಿಯೆಲ್ಲ ಮೇಲಕ್ಕೆ ನೂಕಿದ ನೀರು ಗರಿಯ ಸಣ್ಣ ಬಾಯಿಗಳಿಂದ ಹೊರಗೆ ಬಂದು ನಿಂತದ್ದು. ದುಂಡಾಣು ಅಂಗಮಾರಿ ತರುವ ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ ಗರಿಯೊಳಗೆ ನುಗ್ಗುವುದು ಇವೇ ಬಾಯಿಗಳಿಂದ, ಇಲ್ಲವೇ ಗಾಯಗಳಿಂದ.

ನುಗ್ಗಿದ ಮೇಲೆ ಗರಿ ತುದಿಯಿಂದ ಅಂಚುಗುಂಟ ಹಳದಿಯಾಗಿ ಒಣಗುತ್ತಾ ಬರುತ್ತದೆ. ಅನುಮಾನವಿದ್ದರೆ ರೋಗ ಬಿದ್ದ ಗರಿಯನ್ನು ಕತ್ತರಿಸಿ, ಗಾಜಿನ ಲೋಟದ ನೀರಿಗೆ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಕೊಯ್ದ ಬಾಯಿಂದ ಹಾಲಿನಂಥ ಎಳೆಯೊಂದು ನೀರಿಗೆ ಇಳಿಯುತ್ತದೆ. ಅದು ಬ್ಯಾಕ್ಟೀರಿಯಾಗಳ ಗುಂಪು.

ದೃಷ್ಟಿ ತಾಗಿದೆ ಅಂತ ಗದ್ದೆಯಲ್ಲಿ ಕುಂಬಳಕಾಯಿ ಒಡೆಯುವವರಿದ್ದಾರೆ. ಹೋಗಲಿ, ಒಂದು ಕಾಯಿಗೆ ಖರ್ಚು ಮುಗಿಯಿತು. ನನಗೆ ಜಾಸ್ತಿ ಸಿಟ್ಟು ಬರುವುದು ‘ಬೆಳೆಯ ಇಮ್ಯುನಿಟಿ ಹೆಚ್ಚಿಸುತ್ತದೆ’ ಎಂದು ಬಾಯಿಮಾತಲ್ಲೇ ಬಾಟಲಿ ಮಾರುವವರ ಮೇಲೆ. ಇಮ್ಯುನಿಟಿ ಅಂದರೆ ಓವರ್‌ಹೆಡ್ ಟ್ಯಾಂಕೇ, ಮೋಟರ್ ಹಾಕಿ ತುಂಬಿಸಲು? ಗಿಡಕ್ಕೆ ರಕ್ತವಿಲ್ಲ, ಊರೆಲ್ಲ ಸುತ್ತಿ ಗಸ್ತು ಹೊಡೆಯುವ ಬಿಳಿ ಕಣಗಳಿಲ್ಲ. ಪ್ರತಿ ಜೀವಕೋಶವೂ ತನ್ನ ಮನೆಗೆ ತಾನೇ ಕಾವಲು. ಹಾಗಾಗಿ ಮೊದಲ ಪ್ರಶ್ನೆ, ಬಂದವನು ಕಳ್ಳ ಅಂತ ಗುರುತು ಸಿಕ್ಕಿತೇ ಇಲ್ಲವೇ ಅನ್ನುವುದು.

ಈ ಗುರುತಿನ ಗುಟ್ಟು ಬಿಟ್ಟುಕೊಟ್ಟದ್ದು ಸಾಸಿವೆಯ ದೂರದ ನೆಂಟ, ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆ. ಈಜುವ ಬ್ಯಾಕ್ಟೀರಿಯಾಗಳಿಗೆ ಚಾವಟಿಯಂಥ ಬಾಲ ಇರುತ್ತದೆ. ಅದರ ಪ್ರೋಟೀನು ಫ್ಲಾಜೆಲಿನ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಥಾಮಸ್ ಬೋಲರ್ ತಂಡ ಈ ಪ್ರೋಟೀನಿನ ಬರೀ 22 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನು ಕಟ್ಟುವ ಸಣ್ಣ ಇಟ್ಟಿಗೆಗಳ, ಒಂದು ಚೂರನ್ನು ಸಸಿಗಳಿಗೆ ಕೊಟ್ಟಿತು. ಅಲ್ಲಿ ಬ್ಯಾಕ್ಟೀರಿಯಾ ಒಂದೂ ಇರಲಿಲ್ಲ. ಆದರೂ ಸಸಿಗಳು ಗಿಡ್ಡಕ್ಕೆ ನಿಂತುಬಿಟ್ಟವು. ಕಳ್ಳ ಬಂದ ಅಂತ ಬೆಳೆಯುವ ಕೆಲಸ ಬಿಟ್ಟು ದೊಣ್ಣೆ ಹಿಡಿದು ಕೂತ ಹಾಗೆ. ಆಮೇಲೆ ಅವರು, ಜೀನುಗಳಲ್ಲಿ ಬದಲಾವಣೆಯಾದ ಸಾವಿರಾರು ಸಸಿಗಳ ನಡುವೆ, ಈ ಚೂರು ಕೊಟ್ಟರೂ ಏನೂ ಆಗದಂತೆ ಆರಾಮಾಗಿ ಬೆಳೆಯುವ ‘ಕಿವುಡು’ ಸಸಿಗಳನ್ನು ಹುಡುಕಿದರು. ಅವುಗಳಲ್ಲಿ ಕೆಟ್ಟಿದ್ದ ಜೀನೇ ಎಫ್‌ಎಲ್‌ಎಸ್2. 2000ರಲ್ಲಿ ಪ್ರಕಟವಾಯಿತು. ಇಮ್ಯುನಿಟಿ ಸದಾ ಏರಿಯೇ ಇರಲಿ ಅನ್ನುವವರು ಆ ಗಿಡ್ಡ ಸಸಿಗಳನ್ನೊಮ್ಮೆ ನೋಡಬೇಕು.

ಎಫ್‌ಎಲ್‌ಎಸ್2 ಜೀನು ಮಾಡಿಸುವ ಪ್ರೋಟೀನು ಜೀವಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಗ್ರಾಹಕ, ಅಂದರೆ ಹೊರಗಿನವನ ಗುರುತು ಹಿಡಿಯುವ ಕಾವಲುಗಾರ. ತಲೆ ಹೊರಗೆ, ಕಾಲು ಒಳಗೆ. ತಲೆಯ ಭಾಗ ಎತ್ತಿನ ಲಾಳದ ಹಾಗೆ ಬಾಗಿದೆ. ಬಾಲದ ಚೂರು ಅದರ ಒಳಮೈಗೆ ಉದ್ದಕ್ಕೂ ಒರಗುತ್ತದೆ. ಅಷ್ಟರಲ್ಲಿ ಬಿಎಕೆ1 ಎಂಬ ಇನ್ನೊಂದು ಪ್ರೋಟೀನು ಪಕ್ಕಕ್ಕೆ ಬಂದು ಕೂಡುತ್ತದೆ. ಬ್ಯಾಂಕಿನ ಲಾಕರ್ ಇದ್ದಂತೆ, ಎರಡು ಕೀಲಿ ಬಿದ್ದರೇನೇ ತೆರೆಯುವುದು. ಉಹೂಂ, ಈ ಹೋಲಿಕೆ ಸಾಲದು. ಎರಡೂ ಪ್ರೋಟೀನುಗಳ ಮಧ್ಯೆ ಕೂತು ಅಂಟಿನ ಹಾಗೆ ಹಿಡಿದಿಡುವುದು ಆ ಬಾಲದ ಚೂರೇ. ಕಳ್ಳನ ಚಪ್ಪಲಿಯನ್ನೇ ಇಬ್ಬರು ಕಾವಲುಗಾರರು ಒಂದೊಂದು ಕಡೆ ಹಿಡಿದು ಎತ್ತಿ ತೋರಿಸಿದ ಹಾಗೆ ಅನ್ನಿ. ಹೊರಗೆ ತಲೆಗಳು ಕೂಡಿದಾಗ ಒಳಗೆ ಕಾಲುಗಳೂ ಕೂಡುತ್ತವೆ, ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟುತ್ತದೆ. ನಿಮಿಷಗಳಲ್ಲಿ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಹೊರಗೆ ಹೈಡ್ರೋಜನ್ ಪೆರಾಕ್ಸೈಡ್ ಚಿಮ್ಮುತ್ತದೆ. ಕೋಶದ ಗೋಡೆಗೆ ಕ್ಯಾಲೋಸ್ ಎಂಬ ಗಾರೆ ಬೀಳುತ್ತದೆ. ಎಲೆಯ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ.

ಕಳ್ಳನೂ ಸುಮ್ನೆ ಕೂರುವುದಿಲ್ಲ. ಟೊಮೆಟೊ, ಶುಂಠಿ ಬೆಳೆಗಾರರ ನಿದ್ದೆ ಕೆಡಿಸುವ ಸೊರಗು ರೋಗದ ರಾಲ್ಸ್ಟೋನಿಯಾಕ್ಕೂ ಬಾಲ ಇದೆ. ಆದರೆ ಆ 22ರ ಚೂರಿನಲ್ಲಿ ಕೆಲವು ಅಮೈನೋ ಆಮ್ಲಗಳು ಬದಲಾಗಿರುವುದರಿಂದ ಟೊಮೆಟೊದ ಎಫ್‌ಎಲ್‌ಎಸ್2 ಅದನ್ನು ಗುರುತಿಸುವುದಿಲ್ಲ. ಸ್ಯೂಡೊಮೊನಾಸ್ ಸಿರಿಂಗೆ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕೆಲವು ತಳಿಗಳು ಕೊರೊನಟಿನ್ ಎಂಬ ವಿಷ ಬಿಟ್ಟು, ಮುಚ್ಚಿದ ಪತ್ರರಂಧ್ರವನ್ನು ಮತ್ತೆ ತೆರೆಸುತ್ತವೆ. ಗಿಡದ್ದೇ ಹಾರ್ಮೋನಿನ ನಕಲಿ ಅದು, ಕಳ್ಳಕೀಲಿ!

ಭತ್ತದ ಕಥೆ ಇದಕ್ಕೂ ಹಳೆಯದು. ಆಫ್ರಿಕಾದ ಮಾಲಿಯಿಂದ ಬಂದ ಒಂದು ಕಾಡುಭತ್ತಕ್ಕೆ ಅಂಗಮಾರಿ ತಾಗುತ್ತಿರಲಿಲ್ಲ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಗುರುದೇವ್ ಖುಶ್ ಮತ್ತು ಜೊತೆಗಾರರು ಆ ಗುಣವನ್ನು ಬೆಳೆಯುವ ಭತ್ತಕ್ಕೆ ತಂದರು. ಅದರ ಹಿಂದಿದ್ದ ಎಕ್ಸ್‌ಎ21 ಜೀನನ್ನು ಪಮೇಲಾ ರೊನಾಲ್ಡ್ ತಂಡ 1995ರಲ್ಲಿ ಬೇರ್ಪಡಿಸಿತು. ಅದು ಮಾಡಿಸುವುದೂ ಇಂಥದ್ದೇ ಒಂದು ಗ್ರಾಹಕವನ್ನು. ಪ್ರಾಣಿಗಳಲ್ಲೂ ಇಂಥ ಗ್ರಾಹಕಗಳಿವೆ. ನೊಣದ ‘ಟೋಲ್’ ಜೀನಿಗೆ ರೋಗ ತಡೆಯುವ ಕೆಲಸವಿದೆ ಅಂತ ಗೊತ್ತಾದದ್ದು 1996ರಲ್ಲಿ, ಇಲಿಯಲ್ಲಿರುವ ಅಂಥದ್ದೇ ಜೀನಿನ ಕೆಲಸ ಗೊತ್ತಾದದ್ದು 1998ರಲ್ಲಿ. ಆ ದಾರಿಯ ಸಂಶೋಧನೆಗೆ 2011ರಲ್ಲಿ ನೊಬೆಲ್ ಬಂತು. ಭತ್ತವನ್ನು ಯಾರೂ ಕರೆಯಲಿಲ್ಲ ಅನ್ನುವುದು ನನ್ನ ಹಳೇ ತಕರಾರು.

ಎಕ್ಸ್‌ಎ21 ಹಿಡಿಯುವುದು ಏನನ್ನು? 2009ರಲ್ಲಿ ಉತ್ತರ ಸಿಕ್ಕಿತು ಅಂದರು. ಅದು ತಪ್ಪು ಅಂತ ಗೊತ್ತಾದಾಗ ಅದೇ ತಂಡ 2013ರಲ್ಲಿ ಪ್ರಬಂಧ ವಾಪಸ್ ತೆಗೆದುಕೊಂಡಿತು. ಸರಿಯಾದ ಉತ್ತರ, ರ‍್ಯಾಕ್ಸ್‌ಎಕ್ಸ್ ಎಂಬ ಪುಟ್ಟ ಪ್ರೋಟೀನು, 2015ರಲ್ಲಿ ಸಿಕ್ಕಿತು. ಅದೂ ಗಿಡದ ಬೆಳವಣಿಗೆಯ ಸಂಕೇತವೊಂದರ ನಕಲಿ.

ಗಂಗಾವತಿ, ಸಿಂಧನೂರಿನ ಕಡೆ ಬಿಪಿಟಿ ಅನ್ನುವ ಸಾಂಬಾ ಮಸೂರಿಗೆ ಈ ರೋಗ ಬೇಗ ತಾಗುತ್ತದೆ. ಹೈದರಾಬಾದಿನ ಭತ್ತ ಸಂಶೋಧಕರು ಮತ್ತು ಅಲ್ಲಿನದೇ ಜೀವಕೋಶ ಹಾಗೂ ಅಣುಜೀವಶಾಸ್ತ್ರ ಕೇಂದ್ರವಾದ ಸಿಸಿಎಂಬಿ ಸೇರಿ, ಅದಕ್ಕೆ ಎಕ್ಸ್‌ಎ21ರ ಜೊತೆ ಎಕ್ಸ್‌ಎ5, ಎಕ್ಸ್‌ಎ13 ಎಂಬ ಇನ್ನೆರಡು ಜೀನುಗಳನ್ನೂ ಕೂಡಿಸಿ ಸುಧಾರಿತ ಸಾಂಬಾ ಮಸೂರಿ ಮಾಡಿದರು. ಈ ಎಕ್ಸ್‌ಎ13 ಇದೆಯಲ್ಲ, ಅದು ಕಾವಲುಗಾರನೇ ಅಲ್ಲ. ಕೆಲವು ಕ್ಸಾಂಥೊಮೊನಾಸ್ ತಳಿಗಳು ಗಿಡದ ಜೀನೊಂದರ ಸ್ವಿಚ್ ಒತ್ತಿ, ಕೋಶದ ಸಕ್ಕರೆಯನ್ನು ಹೊರಗೆ ಸೋರಿಸಿಕೊಂಡು ತಿನ್ನುತ್ತವೆ. ಎಕ್ಸ್‌ಎ13 ಇರುವ ಭತ್ತದಲ್ಲಿ ಆ ಸ್ವಿಚ್ಚಿನ ಆಕಾರವೇ ಬೇರೆ. ಬ್ಯಾಕ್ಟೀರಿಯಾ ಒಳಗೆ ಬಂದರೂ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಲು ಬರುವುದಿಲ್ಲ.