ನೆಗೆಟಿವ್‌ನ ಕಿತ್ತಳೆ ಬಣ್ಣ ಕಲೆಯಲ್ಲ

ಬಸವನಗುಡಿಯ ನಮ್ಮ ಮನೆಯ ಅಟ್ಟದಿಂದ ಹಳೇ ನೆಗೆಟಿವ್‌ಗಳ ಡಬ್ಬಿ ಇಳಿಸಿದ್ದೆ. ಅಣ್ಣನ ಮಗಳು ಒಂದು ಪಟ್ಟಿಯನ್ನು ಕಿಟಕಿ ಬೆಳಕಿಗೆ ಹಿಡಿದು, "ಚಿಕ್ಕಪ್ಪ, ಇದರ ಮೇಲೆ ಯಾರಾದ್ರೂ ಟೀ ಚೆಲ್ಲಿದ್ರಾ?" ಅಂದಳು. ಲಾಲ್‌ಬಾಗ್‌ನ ಗಾಜಿನ ಮನೆ ಮುಂದೆ ಅಮ್ಮ ನಿಂತಿರುವ ಚಿತ್ರ ಅದು. ಅಮ್ಮನ ಗಿಳಿಹಸಿರು ಸೀರೆ ಕೆಂಪು ಕೆಂಪು. ಕಪ್ಪು ಕೂದಲು ತೆಳು ಕಿತ್ತಳೆ. ಎರಡು ಚಿತ್ರಗಳ ನಡುವಿನ ಖಾಲಿ ಜಾಗವೂ ಕಿತ್ತಳೆಯೇ. ಅವಳು ಫೋನಿನಲ್ಲಿ ಫೋಟೋ ತೆಗೆದು ಬಣ್ಣ ತಿರುಗಿಸಿದಳು. ಅಮ್ಮ, ಗಾಜಿನ ಮನೆ, ಮರ ಎಲ್ಲವೂ ನೀಲಿಯಲ್ಲಿ ಅದ್ದಿದ ಹಾಗೆ ಬಂತು.

ಆ ಕಿತ್ತಳೆಯನ್ನು ಫಿಲ್ಮಿಗೆ ಸುಮ್ನೆ ಬಳಿದಿದ್ದಾರೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ಬಣ್ಣದ ಫೋಟೋದ ಜಾಣತನವೆಲ್ಲ ಅದರಲ್ಲೇ ಇದೆ.

ಫಿಲ್ಮ್‌ನಲ್ಲಿ ನೀಲಿ, ಹಸಿರು, ಕೆಂಪು ಬೆಳಕು ಹಿಡಿಯುವ ಬೇರೆ ಬೇರೆ ಪದರಗಳಿವೆ. ಒಳಗೆ ಕಪ್ಲರ್ ಅನ್ನುವ ರಾಸಾಯನಿಕ. ರೀಲು ತೊಳೆಯುವಾಗ, ಬೆಳಕು ಬಿದ್ದ ಕಡೆ ಡೆವಲಪರ್, ಅಂದ್ರೆ ಚಿತ್ರ ಮೂಡಿಸುವ ದ್ರಾವಣ, ಮೊದಲು ಬೆಳ್ಳಿ ಹರಳಿನ ಮೇಲೆ ಕೆಲಸ ಮಾಡಿ, ಆಮೇಲೆ ಕಪ್ಲರ್ ಜೊತೆ ಸೇರಿ ಬಣ್ಣವಾಗುತ್ತದೆ. ನೀಲಿ ಪದರದಲ್ಲಿ ಹಳದಿ, ಹಸಿರು ಪದರದಲ್ಲಿ ಮೆಜೆಂಟಾ, ಅಂದ್ರೆ ಸೀರೆ ಅಂಗಡಿಯವರ ರಾಣಿ ಬಣ್ಣ. ಕೆಂಪು ಪದರದಲ್ಲಿ ಸಯಾನ್, ಅಂದ್ರೆ ಹಸಿರು ಬೆರೆತ ತಿಳಿನೀಲಿ. ಬೆಳ್ಳಿಯನ್ನು ಕೊನೆಗೆ ತೆಗೆದುಬಿಡುತ್ತಾರೆ.

ತೊಂದರೆ ಇರುವುದು ಈ ಬಣ್ಣಗಳಲ್ಲೇ. ಮೆಜೆಂಟಾ ತಡೆಯಬೇಕಾದ್ದು ಹಸಿರು ಬೆಳಕನ್ನು ಮಾತ್ರ. ಆದರೆ ಅದು ಒಂದಿಷ್ಟು ನೀಲಿಯನ್ನೂ ನುಂಗುತ್ತದೆ. ಸಯಾನ್ ಕೆಂಪಿನ ಜೊತೆ ಹಸಿರು, ನೀಲಿ ಎರಡಕ್ಕೂ ಬಾಯಿ ಹಾಕುತ್ತದೆ. ಹಾಗೇ ಪ್ರಿಂಟ್ ಹಾಕಿಸಿದರೆ ಅಮ್ಮನ ಗಿಳಿಹಸಿರು ನೀಲಿಯತ್ತ ವಾಲುತ್ತದೆ. ಫಿಲ್ಟರ್ ಹಾಕಿ ಸರಿಮಾಡೋಣ ಅಂದ್ರೆ ಆಗಲ್ಲ. ಸೀರೆ ಸರಿಹೋದರೆ ಮುಖ ಹಳದಿಯಾಗುತ್ತದೆ. ಮೆಜೆಂಟಾ ಎಲ್ಲಿ ಜಾಸ್ತಿಯೋ ತಪ್ಪೂ ಅಲ್ಲಿ ಜಾಸ್ತಿ, ಇಲ್ಲದ ಕಡೆ ತಪ್ಪೇ ಇಲ್ಲ. ಫಿಲ್ಟರ್‌ಗೆ ಅದು ಹೇಗೆ ಗೊತ್ತಾಗಬೇಕು, ಅಲ್ವಾ?

1940ರ ದಶಕದಲ್ಲಿ ಕೊಡಕ್ ಕಂಪನಿಯ ವೆಸ್ಲಿ ಹ್ಯಾನ್ಸನ್ ಇದಕ್ಕೊಂದು ದಾರಿ ಕಂಡುಕೊಂಡರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ದಾರಿ. ಮೆಜೆಂಟಾ ಕೊಡುವ ಕಪ್ಲರ್ರೇ ಮೊದಲಿನಿಂದ ಹಳದಿಯಾಗಿದ್ದರೆ? ಹಳದಿ ಅಂದ್ರೆ ನೀಲಿ ಬೆಳಕನ್ನು ನುಂಗುವ ಬಣ್ಣ. ಮೆಜೆಂಟಾ ಹುಟ್ಟಿದ ಜಾಗದಲ್ಲಿ ಕಪ್ಲರ್‌ನ ಹಳದಿ ಕೊಡುವ ತುಂಡು ಕಳಚಿ ಬೀಳುತ್ತದೆ, ಹಳದಿ ಮಾಯ. ಹುಟ್ಟದ ಜಾಗದಲ್ಲಿ ಹಳದಿ ಹಾಗೇ ಉಳಿಯುತ್ತದೆ. ಒಂದು ಕಡೆ ನೀಲಿಯನ್ನು ಮೆಜೆಂಟಾ ನುಂಗಿತು, ಇನ್ನೊಂದು ಕಡೆ ಅಷ್ಟನ್ನೇ ಹಳದಿ ನುಂಗಿತು. ಸಯಾನ್ ಕಪ್ಲರ್‌ಗೂ ಇದೇ ಉಪಾಯ. ಅದಕ್ಕೆ ಕೆಂಪು ಛಾಯೆ ಕೊಟ್ಟರು. ಉಳಿದ ಹಳದಿ, ಉಳಿದ ಕೆಂಪು ಸೇರಿ ಈ ಕಿತ್ತಳೆ.

ಹಳ್ಳ ದಿಣ್ಣೆಯ ಸೈಟಿನಲ್ಲಿ ಹಳ್ಳಕ್ಕೆ ಮಣ್ಣು ತುಂಬಿ ಸಮ ಮಾಡಿದ ಹಾಗೆ ಇದು. ಸೈಟು ಒಟ್ಟಾರೆ ಎತ್ತರವಾಯಿತು, ನಿಜ. ಆದರೆ ಈಗ ಎಲ್ಲ ಕಡೆ ಒಂದೇ ಎತ್ತರ. ಎಲ್ಲ ಕಡೆ ಒಂದೇ ಸಮ ಇರುವ ತಪ್ಪನ್ನು ಪ್ರಿಂಟ್ ಹಾಕುವಾಗ ಫಿಲ್ಟರ್ ಸುಲಭವಾಗಿ ಕಳೆಯುತ್ತದೆ. ಪ್ರಿಂಟಿನ ಕಾಗದವನ್ನೂ ಈ ಕಿತ್ತಳೆಯನ್ನು ಲೆಕ್ಕಕ್ಕೆ ಹಿಡಿದೇ ತಯಾರಿಸುತ್ತಾರೆ. ಬಣ್ಣ ತಿರುಗದೆ ಚಿತ್ರ ನೇರವಾಗಿ ಮೂಡುವ ಸ್ಲೈಡ್ ಫಿಲ್ಮಿಗೆ ಈ ಸೌಕರ್ಯ ಇಲ್ಲ. ಅದನ್ನು ನೇರವಾಗಿ ಕಣ್ಣಿಂದಲೇ ನೋಡಬೇಕಲ್ಲ!

ಇದೆಲ್ಲ ನಡೆಯುವುದು 37.8 ಡಿಗ್ರಿ ಬಿಸಿಯ ಡೆವಲಪರ್‌ನಲ್ಲಿ, 3 ನಿಮಿಷ 15 ಸೆಕೆಂಡಿನಲ್ಲಿ. ಎಲ್ಲಿ ಎಷ್ಟು ತಿದ್ದಬೇಕು ಅಂತ ಯಾರೂ ಅಳೆಯುವುದಿಲ್ಲ. ತಪ್ಪು ಹುಟ್ಟುವ ಕ್ಷಣದಲ್ಲೇ ಅದರ ತಿದ್ದುಪಡಿಯೂ ಆಗಿರುತ್ತದೆ. ಇದನ್ನು ಯೋಚಿಸಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅಣ್ಣನ ಮಗಳಿಗೆ ಪಟ್ಟಿಯನ್ನು ಮತ್ತೆ ಫೋಟೋ ತೆಗೆಯಲು ಹೇಳಿದೆ. ಈ ಸಲ ಚಿತ್ರದ ಪಕ್ಕದ ಖಾಲಿ ಅಂಚೂ ಬರುವ ಹಾಗೆ. ಅಲ್ಲಿ ಬೆಳಕೇ ಬಿದ್ದಿಲ್ಲ, ಕಪ್ಲರ್‌ಗಳೆಲ್ಲ ಹಾಗೇ ಉಳಿದಿವೆ. ಕಂಪ್ಯೂಟರಿನಲ್ಲಿ ಮೊದಲು ಆ ಅಂಚನ್ನು ಬಣ್ಣವಿಲ್ಲದ ಜಾಗ ಅಂತ ತೋರಿಸಿದೆವು. ಆಮೇಲೆ ಬಣ್ಣ ತಿರುಗಿಸಿದೆವು. ಸೀರೆ ಹಸಿರಾಯಿತು. ಅಡುಗೆಮನೆಯಿಂದ ಬಂದ ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಗ್ಗಿ, "ಸೀರೆ ಅಂಚು ಇನ್ನೂ ಸ್ವಲ್ಪ ಗಾಢ ಇತ್ತು ಕಣೋ" ಅಂದರು.