ಅಕ್ಟೋಬರ್‌ನಲ್ಲಿದ್ದ ಗೋಲ್‌ಕೀಪರ್ ಡಿಸೆಂಬರ್‌ಗೆ ಎಲ್ಲಿ ಹೋದ?

ಪ್ರಶ್ನೆ: ನಾವು ಅಮೆರಿಕದಲ್ಲಿ, ಅಟ್ಲಾಂಟಾ ಹತ್ತಿರದ ಡುಲೂತ್‌ನಲ್ಲಿದ್ದೇವೆ. ಇಲ್ಲಿನ ಐಸ್ ಹಾಕಿ ತಂಡ ಅಟ್ಲಾಂಟಾ ಗ್ಲಾಡಿಯೇಟರ್ಸ್ ಅಂದರೆ ನನ್ನ ಮಗನಿಗೆ ಪ್ರಾಣ. ಸೀಸನ್ ಶುರುವಿನಲ್ಲಿ ಅವನು ಮೆಚ್ಚಿಕೊಂಡ ಗೋಲ್‌ಕೀಪರ್ ಡಿಸೆಂಬರ್ ಹೊತ್ತಿಗೆ ತಂಡದಲ್ಲೇ ಇರಲಿಲ್ಲ. ಇನ್ನೂ ಮೂರ್ನಾಲ್ಕು ಮುಖಗಳು ಹೊಸವು. ಚೆನ್ನಾಗಿ ಆಡುವವರನ್ನು ಈ ತಂಡ ಯಾಕೆ ಉಳಿಸಿಕೊಳ್ಳುವುದಿಲ್ಲ?

ಉತ್ತರ: ಎಷ್ಟೋ ಸಲ ಉಳಿಸಿಕೊಳ್ಳುವುದು ತಂಡದ ಕೈಯಲ್ಲಿ ಇರುವುದೇ ಇಲ್ಲ. ಆಟಗಾರ ಇಲ್ಲಿಂದ ಮೇಲೆ ಹೋಗಲಿ ಅಂತಲೇ ಈ ಲೀಗ್ ಇರುವುದು. ನಿಮ್ಮ ಮಗನಿಗೆ ಬೇಜಾರಾಗಿದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಆ ಗೋಲ್‌ಕೀಪರ್‌ಗೆ ಅದು ಬಹುಶಃ ವರ್ಷದ ಅತ್ಯಂತ ಖುಷಿಯ ದಿನ.

ಗ್ಲಾಡಿಯೇಟರ್ಸ್ ಆಡುವುದು ಇಸಿಎಚ್‌ಎಲ್‌ನಲ್ಲಿ. 1988ರಲ್ಲಿ ಐದು ತಂಡಗಳಿಂದ ಶುರುವಾದ ಲೀಗ್ ಇದು. ಆಗ ಹೆಸರು ಈಸ್ಟ್ ಕೋಸ್ಟ್ ಹಾಕಿ ಲೀಗ್. ಪಶ್ಚಿಮದ ತಂಡಗಳೂ ಸೇರಿದ ಮೇಲೆ, 2003ರಲ್ಲಿ, ಬರೀ ಇಸಿಎಚ್‌ಎಲ್ ಆಯಿತು. ಇದರ ಮೇಲಿನ ಮೆಟ್ಟಿಲು ಎಎಚ್‌ಎಲ್ (ಅಮೆರಿಕನ್ ಹಾಕಿ ಲೀಗ್), ಅದರ ಮೇಲೆ ಎಲ್ಲಕ್ಕಿಂತ ದೊಡ್ಡ ಲೀಗ್ ಎನ್‌ಎಚ್‌ಎಲ್ (ನ್ಯಾಷನಲ್ ಹಾಕಿ ಲೀಗ್). ಹೆಚ್ಚಿನ ಇಸಿಎಚ್‌ಎಲ್ ತಂಡಗಳಿಗೆ ಮೇಲಿನ ಎರಡೂ ಕಡೆ ಒಂದೊಂದು ತಂಡದ ನಂಟು ಇರುತ್ತದೆ. ಉದಾಹರಣೆಗೆ ಸೌತ್ ಕ್ಯಾರೊಲೈನಾ ಸ್ಟಿಂಗ್‌ರೇಸ್, ಅದರ ಮೇಲೆ ಹರ್ಷಿ ಬೇರ್ಸ್, ತುದಿಯಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್.

ಈಗ ಡಿಸೆಂಬರ್‌ನ ಒಂದು ಶುಕ್ರವಾರ ಊಹಿಸಿಕೊಳ್ಳಿ. ಎನ್‌ಎಚ್‌ಎಲ್ ಗೋಲ್‌ಕೀಪರ್ ಒಬ್ಬನ ತೊಡೆಯ ಸ್ನಾಯು ಎಳೆದುಕೊಂಡಿತು. ಎನ್‌ಎಚ್‌ಎಲ್ ತಂಡ ತನ್ನ ಎಎಚ್‌ಎಲ್ ಗೋಲ್‌ಕೀಪರ್‌ನನ್ನು ಕರೆಸಿಕೊಳ್ಳುತ್ತದೆ. ಎಎಚ್‌ಎಲ್ ತಂಡಕ್ಕೆ ಈಗ ಒಬ್ಬ ಕಡಿಮೆ, ಅವರು ಇಸಿಎಚ್‌ಎಲ್‌ಗೆ ಫೋನ್ ಮಾಡುತ್ತಾರೆ. ಇಸಿಎಚ್‌ಎಲ್ ಕೋಚ್ ಇನ್ನೂ ಕೆಳಗಿನ ಎಸ್‌ಪಿಎಚ್‌ಎಲ್ ಎಂಬ ಲೀಗ್‌ನಲ್ಲಿ ಹುಡುಕುತ್ತಾನೆ. ಅಲ್ಲೂ ಆ ರಾತ್ರಿಗೆ ಯಾರೂ ಸಿಗದಿದ್ದರೆ, ವಾರವೆಲ್ಲ ಬೇರೆ ಕೆಲಸ ಮಾಡಿಕೊಂಡು ಹವ್ಯಾಸಕ್ಕೆ ಆಡುವ ಊರಿನ ಗೋಲ್‌ಕೀಪರ್ ಒಬ್ಬ ಪ್ಯಾಡ್ ಕಟ್ಟಿಕೊಂಡು ಬೆಂಚಿನಲ್ಲಿ ಕೂರುತ್ತಾನೆ. ಎಲ್ಲೋ ದೂರದ ಊರಲ್ಲಿ ಒಂದು ತೊಡೆ ನೋವು, ಅದಕ್ಕೆ ನಾಲ್ಕು ಊರುಗಳ ತಂಡ ಬದಲಾಯಿತು.

ನಮ್ಮವರಿಗೆ ರಣಜಿ ನೆನಪಾಗಬಹುದು. ಕೆ.ಎಲ್. ರಾಹುಲ್ ಭಾರತ ತಂಡದಲ್ಲಿದ್ದರೆ ಕರ್ನಾಟಕ ಅವರಿಲ್ಲದೆ ಆಡುತ್ತದೆ, ಅಲ್ವಾ? ಇದೂ ಹಾಗೆಯೇ. ವ್ಯತ್ಯಾಸ ಏನಂದರೆ, ಇಲ್ಲಿ ಕರೆ ಯಾವ ದಿನ ಬೇಕಾದರೂ ಬರುತ್ತದೆ, ಹೊಸಬ ಯಾವ ಊರಿಂದ ಬೇಕಾದರೂ ಬರುತ್ತಾನೆ.

ತಂಡದಲ್ಲಿ ಎರಡು ಬಗೆಯ ಆಟಗಾರರು ಇರುತ್ತಾರೆ ಅನ್ನುವುದನ್ನು ಮಗನಿಗೆ ಹೇಳಿಕೊಡಿ. ಕೆಲವರು ಎನ್‌ಎಚ್‌ಎಲ್ ಅಥವಾ ಎಎಚ್‌ಎಲ್ ತಂಡದ ಒಪ್ಪಂದದವರು. ಆಡಿ ಪಳಗಲಿ ಅಂತ ಅವರನ್ನು ಕೆಳಗೆ ಕಳಿಸಿರುತ್ತಾರೆ, ಬೇಕಾದಾಗ ವಾಪಸ್ ಕರೆಸುತ್ತಾರೆ. ಉಳಿದವರು ಇಸಿಎಚ್‌ಎಲ್ ತಂಡವೇ ಸೇರಿಸಿಕೊಂಡವರು. ಇವರಿಗೂ ಎಎಚ್‌ಎಲ್ ತಂಡ 25 ಪಂದ್ಯಗಳವರೆಗಿನ ಪರೀಕ್ಷಾ ಒಪ್ಪಂದ ಕೊಡಬಹುದು. ಇಸಿಎಚ್‌ಎಲ್‌ನಲ್ಲಿ ಸಂಬಳ ವಾರದ ಲೆಕ್ಕ. ಸೀಸನ್ ಮುಗಿದರೆ ಅದೂ ನಿಂತಿತು. ಇರಲು ಮನೆಯನ್ನು ತಂಡ ಕೊಡುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ಬೇರೆ ಕೆಲಸ ಮಾಡುವವರು ಎಷ್ಟೋ ಮಂದಿ. ಎಎಚ್‌ಎಲ್‌ನಲ್ಲಿ ಎರಡು ವಾರ ಆಡಿದರೂ ಕೈಗೆ ಬರುವ ದುಡ್ಡು ಜಾಸ್ತಿ. ಅಂಥ ಹುಡುಗನನ್ನು ತಡೆಯುವ ಕೋಚ್ ಬಳಿಗೆ ಮುಂದಿನ ವರ್ಷ ಯಾರು ಬರುತ್ತಾರೆ ಹೇಳಿ?

ಬ್ರೇಡನ್ ಹೋಲ್ಟ್‌ಬಿ ಕಥೆ ಕೇಳಿ. 2009-10ರ ಸೀಸನ್‌ನಲ್ಲಿ ಈ ಗೋಲ್‌ಕೀಪರ್ ಸ್ವಲ್ಪ ಕಾಲ ಸ್ಟಿಂಗ್‌ರೇಸ್‌ಗೆ, ಉಳಿದ ಕಾಲ ಹರ್ಷಿಗೆ ಆಡಿದರು. 2018ರಲ್ಲಿ ವಾಷಿಂಗ್ಟನ್ ತಂಡ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದಾಗ ಗೋಲಿನ ಮುಂದೆ ನಿಂತಿದ್ದವರು ಅವರೇ. ನಿಮ್ಮ ಮಗನಂತೆ ಆಗ ಸೌತ್ ಕ್ಯಾರೊಲೈನಾದಲ್ಲೂ ಯಾವುದೋ ಮಗು ಅವರು ಹೋದಾಗ ಮುಖ ಸಣ್ಣ ಮಾಡಿಕೊಂಡಿರಬೇಕು. ಇನ್ನೊಬ್ಬ ಆಟಗಾರ ಅಲೆಕ್ಸ್ ಬರೋಸ್ ಅವರನ್ನು ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಚ್‌ಎಲ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಯಾರೂ ಆರಿಸಲೇ ಇಲ್ಲ. ಇಸಿಎಚ್‌ಎಲ್‌ನ ಸಣ್ಣ ಊರುಗಳಲ್ಲಿ ಆಡಿ ಮೇಲೆ ಹತ್ತಿದರು. 2011ರ ಸ್ಟ್ಯಾನ್ಲಿ ಕಪ್ ಫೈನಲ್‌ನ ಎರಡನೇ ಪಂದ್ಯದಲ್ಲಿ, ಹೆಚ್ಚುವರಿ ಆಟದ 11ನೇ ಸೆಕೆಂಡಿಗೆ ಗೋಲು ಹೊಡೆದು ವ್ಯಾಂಕೂವರ್‌ಗೆ ಗೆಲುವು ತಂದರು. ಮೇಲೆ ಹೋಗುವವರು ಆಟಗಾರರು ಮಾತ್ರ ಅಲ್ಲ. ಜ್ಯಾರೆಡ್ ಬೆಡ್ನರ್ 2009ರಲ್ಲಿ ಸ್ಟಿಂಗ್‌ರೇಸ್ ಕೋಚ್ ಆಗಿ ಇಸಿಎಚ್‌ಎಲ್‌ನ ಕೆಲ್ಲಿ ಕಪ್ ಗೆದ್ದರು, 2016ರಲ್ಲಿ ಎಎಚ್‌ಎಲ್‌ನ ಕಾಲ್ಡರ್ ಕಪ್, 2022ರಲ್ಲಿ ಕೊಲೊರಾಡೊ ಜೊತೆ ಸ್ಟ್ಯಾನ್ಲಿ ಕಪ್.

ಹಾಗಾದರೆ ಇಂಥ ತಂಡ ಸೀಸನ್ ಸಾಗಿಸುವುದು ಹೇಗೆ? ನನಗೆ ಜಾಸ್ತಿ ಮೆಚ್ಚುಗೆ ಇರುವುದು ಇಲ್ಲಿಯೇ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 72 ಪಂದ್ಯ. ಜನ ಬರುವುದು ವಾರಾಂತ್ಯದಲ್ಲಿ, ಅದಕ್ಕೇ ಶುಕ್ರವಾರ, ಶನಿವಾರ, ಭಾನುವಾರ ಸತತ ಮೂರು ಪಂದ್ಯ ಬೀಳುವುದು ಸಾಮಾನ್ಯ. ನಡುವೆ ರಾತ್ರಿಯೆಲ್ಲ ಬಸ್ ಪ್ರಯಾಣ. ತಂಡದ ಪಟ್ಟಿ ಸುಮಾರು 20 ಮಂದಿಯದು. ಅದರಲ್ಲಿ 260ಕ್ಕಿಂತ ಜಾಸ್ತಿ ಪಂದ್ಯ ಆಡಿದ ಅನುಭವಿಗಳು ನಾಲ್ಕೇ ಜನ ಇರಬಹುದು ಅನ್ನುವ ನಿಯಮ ಬೇರೆ. ಆ ನಾಲ್ವರು ಹೆಚ್ಚಾಗಿ ಎಲ್ಲೂ ಹೋಗುವುದಿಲ್ಲ. ಹೊಸದಾಗಿ ಬಂದ ಹುಡುಗನಿಗೆ ಯಾವ ಕಡೆ ನಿಲ್ಲಬೇಕು, ಯಾರಿಗೆ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಕೊಡಬೇಕು ಅಂತ ಹೇಳಿಕೊಡುವವರು ಅವರು. ಮಗನಿಗೆ ಇನ್ನೊಬ್ಬ ನೆಚ್ಚಿನ ಆಟಗಾರ ಬೇಕಿದ್ದರೆ ಅವರಲ್ಲೊಬ್ಬರನ್ನು ನೋಡಲಿ.

ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ತಿರುಗುತ್ತದೆ. ಕಾಲೇಜು ಸೀಸನ್ ಮುಗಿಸಿದ ಹುಡುಗರು ಬಂದು ಸೇರುತ್ತಾರೆ. ಮೇಲಿನ ತಂಡಗಳಿಂದಲೂ ಕೆಲವರು ಇಳಿದು ಬರುತ್ತಾರೆ. ಇಷ್ಟೆಲ್ಲ ಅದಲು ಬದಲಿನ ನಡುವೆಯೂ ಫ್ಲೋರಿಡಾ ಎವರ್‌ಬ್ಲೇಡ್ಸ್ 2022, 2023, 2024ರಲ್ಲಿ ಸತತವಾಗಿ ಕೆಲ್ಲಿ ಕಪ್ ಗೆದ್ದಿತು. ಅದು ಎಷ್ಟು ಕಷ್ಟದ ಕೆಲಸ ಅಂತ ಈಗ ನಿಮಗೆ ಗೊತ್ತಾಗಿರಬೇಕು.

ಯಾರು ಎಲ್ಲಿಗೆ ಹೋದರು ಅನ್ನುವ ಪಟ್ಟಿಯನ್ನು ಲೀಗ್ ಸೀಸನ್ ಉದ್ದಕ್ಕೂ ಪ್ರಕಟಿಸುತ್ತದೆ. ಅದರಲ್ಲಿ ಮಗನ ಗೋಲ್‌ಕೀಪರ್ ಹೆಸರು ಹುಡುಕಿ. ಮೇಲೆ ಹೋಗಿದ್ದರೆ ಅವನ ಎಎಚ್‌ಎಲ್ ಪಂದ್ಯಗಳನ್ನು ಇಬ್ಬರೂ ಕೂತು ನೋಡಿ. ಮೇಲಿನವನ ತೊಡೆ ನೋವು ವಾಸಿಯಾದ ದಿನ ಎಲ್ಲರೂ ಒಂದೊಂದು ಮೆಟ್ಟಿಲು ಕೆಳಗೆ ಬರುತ್ತಾರೆ. ಮಗ ಅವನ ಹೆಸರು ಬರೆದು ತಂದ ರಟ್ಟಿನ ಫಲಕ ಇದ್ದರೆ ಸುಮ್ನೆ ಎಸೆಯಬೇಡಿ, ಜನವರಿಯಲ್ಲಿ ಬೇಕಾಗಬಹುದು.