ಕಾಫಿ ಹೂ ಉದುರಿದ ಮೇಲೆ ಜೇನು ಏನು ತಿನ್ನಬೇಕು?

ಜೇನಿಗಾಗಿ ಕಾಡುಗಿಡ ನೆಡೋಣ ಎಂಬ ಮಾತು ಬಂದಾಗೆಲ್ಲ ಮೂಡಿಗೆರೆ, ಸಕಲೇಶಪುರದ ಕಡೆ ಚರ್ಚೆ ಕಾಫಿ ತೋಟಕ್ಕೆ ನೆರಳು ಕೊಡುವ ಸಿಲ್ವರ್ ಓಕ್ ಮರಕ್ಕೆ ಬಂದು ನಿಲ್ಲುತ್ತದೆ. ಅದನ್ನು ಕಡಿಯಿರಿ ಅಂತ ಒಬ್ಬರು. ಅದರ ಹೂವಿಗೂ ಜೇನು ಬರುತ್ತಲ್ಲ ಅಂತ ಇನ್ನೊಬ್ಬರು. ಇಬ್ಬರ ಮಾತೂ ಸುಳ್ಳಲ್ಲ.

ಬಾಬಾಬುಡನ್ ತಂದರೆಂಬ ಏಳು ಬೀಜದಿಂದ ಬ್ರಿಟಿಷರ ಎಸ್ಟೇಟು ದಾಟಿ ಇಲ್ಲಿಯವರೆಗೆ, ಇಲ್ಲಿನ ಕಾಫಿ ಬಹುಪಾಲು ಮರದ ನೆರಳಲ್ಲೇ ಬೆಳೆದಿದೆ. ಅತ್ತಿ, ಬಸರಿ, ಹಲಸು, ನೇರಳೆ, ಹೊನ್ನೆ. ಆಮೇಲೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬಂತು. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿಯೂ ಉಂಟು. ಬೀಟೆ ಕಡಿಯಲು ಅರ್ಜಿ ಹಿಡಿದು ಅಲೆಯಬೇಕು. ಬೆಳೆಗಾರ ಯಾವುದನ್ನು ನೆಡುತ್ತಾನೆ ಅಂತ ಕೇಳಬೇಕಾ?

ಹೀಗೆ ಕಾಡುಮರ ಕಡಿಮೆಯಾದದ್ದು ಜೇನಿಗೆ ಒಂದು ಪೆಟ್ಟು. ಇನ್ನೊಂದು ಬಿದ್ದದ್ದು 1991–92ರ ಹೊತ್ತಿಗೆ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ತಗುಲಿತು. ಮರಿಹುಳುವಿನ ಚರ್ಮದೊಳಗೆ ನೀರು ತುಂಬುತ್ತದೆ. ಕಡ್ಡಿಯಿಂದ ಎತ್ತಿದರೆ ಇಡೀ ಹುಳ ಪುಟ್ಟ ಚೀಲದಂತೆ ಈಚೆ ಬರುತ್ತದೆ. ಹತ್ತರಲ್ಲಿ ಒಂಬತ್ತು ಜೇನು ಕುಟುಂಬ ಸತ್ತವು ಅನ್ನುತ್ತಾರೆ. ಪೆಟ್ಟಿಗೆಗಳು ಖಾಲಿಯಾದವು. ರೋಗ ಹೊರಗಿನದು ನಿಜ. ಆದರೆ ಉಳಿದ ಜೇನು ಚೇತರಿಸಿಕೊಳ್ಳಲು ವರ್ಷವಿಡೀ ಮೇವು ಬೇಕಿತ್ತು, ಅದು ತೋಟದಲ್ಲಿ ಕಡಿಮೆಯಾಗುತ್ತಾ ಬಂದಿತ್ತು.

ಬೇಸಿಗೆಯಲ್ಲಿ ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು-ಮೂರು ದಿನ ಘಮಘಮ, ಆಮೇಲೆ ಹೂ ಕಂದಾಗಿ ಉದುರುತ್ತದೆ. ಕಾಫಿಯ ಎರಡು ಜಾತಿಗಳಲ್ಲಿ ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು, ಅದನ್ನು ತರುವುದು ಗಾಳಿ ಮತ್ತು ಜೇನು. ಸಿಲ್ವರ್ ಓಕ್ ಹೂ ಬಿಡುವುದೂ ಹೆಚ್ಚುಕಡಿಮೆ ಅದೇ ಬೇಸಿಗೆಯಲ್ಲಿ. ಅಂದರೆ ಹಬ್ಬದ ದಿನವೇ ಎರಡೆರಡು ಊಟ, ಜೂನ್ ಬಂದರೆ ಉಪವಾಸ!

ಮಳೆಗಾಲದಲ್ಲಿ ಜೇನಿನ ಹೊಟ್ಟೆ ತುಂಬಿಸುವುದು ಬೇಲಿಯ ಲಕ್ಕಿ, ದರೆ ಮೇಲಿನ ಕರ್ಣಕುಂಡಲದಂಥ ಗಿಡಗಳು. ಮಳೆ ನಿಂತ ಮೇಲೆ ಅಂಟುವಾಳದ ಮರ. ಇವುಗಳಲ್ಲಿ ಅರ್ಧಕ್ಕರ್ಧ ನಮ್ಮ ಲೆಕ್ಕದಲ್ಲಿ ಕಳೆ, ಕಳೆನಾಶಕ ಹೊಡೆದರೆ ಒಂದೇ ದಿನಕ್ಕೆ ಮುಗಿಯಿತು. ಒಂದು ಕಡೆ ಹೊಡೆಯುತ್ತಾ ಇನ್ನೊಂದು ಕಡೆ ಸಸಿ ನೆಟ್ಟರೆ ಸುಮ್ನೆ ಫೋಟೋಗೆ ಆಯಿತು, ಅಷ್ಟೇ ಅಲ್ವಾ?

ವನಮಹೋತ್ಸವ 1950ರಿಂದ ಜುಲೈನಲ್ಲಿ ನಡೆಯುತ್ತಿದೆ. ಆಗ ಕೇಳುವುದು ಎಷ್ಟು ಸಸಿ ಅಂತ. ಯಾವ ತಿಂಗಳು ಹೂ ಬಿಡುತ್ತದೆ ಅಂತ ಕೇಳುವವರು ಕಡಿಮೆ. ಆ ಹೊತ್ತಿಗೆ ಸಿಕ್ಕಿದ್ದನ್ನೇ ನೆಡಬೇಕಾಗುತ್ತದೆ. ನೇರಳೆ ಬೀಜ ಒಣಗಿಸಿಟ್ಟರೆ ಹುಟ್ಟುವುದಿಲ್ಲ, ಹಣ್ಣು ತಿಂದ ವಾರದೊಳಗೆ ಊರಬೇಕು. ಊರಿನವರು ಸೇರಿ ನೆಡುವುದಾದರೆ ನರ್ಸರಿ ಹಿಂದಿನ ವರ್ಷವೇ ಶುರುವಾಗಿರಬೇಕು.